ಆಕಾಶದ ಬಂಡೆ ಬಿದ್ದ ಗುಂಡಿಯೊಳಗೆ ಒಂದು ಊರು

ಎಲ್ರಿಗೂ ನಮಸ್ಕಾರ. ಈ ಕೆಂಪು ಹೆಂಚಿನ ಮನೆಗಳು, ಸುತ್ತಲೂ ಕೋಟೆ ಗೋಡೆ ಕಾಣ್ತಿದೆಯಲ್ಲ, ಇದು ಜರ್ಮನಿಯ ನ್ಯೋರ್ಡ್ಲಿಂಗನ್. ಮ್ಯೂನಿಕ್‌ನಿಂದ ಬೆಳಿಗ್ಗೆನೇ ಟ್ರೈನ್ ಹತ್ತಿ ಬಂದ್ವಿ. ಈ ಊರು ಇರೋದೇ ಒಂದು ಗುಂಡಿಯೊಳಗೆ, ಸುಮಾರು ಒಂದೂವರೆ ಕೋಟಿ ವರ್ಷದ ಹಿಂದೆ ಆಕಾಶದಿಂದ ದೊಡ್ಡ ಬಂಡೆ ಬಂದು ಅಪ್ಪಳಿಸಿದ ಜಾಗ ಇದು, ಗುಂಡಿ ಅಗಲ ಸುಮಾರು 25 ಕಿಲೋಮೀಟರ್ ಇರೋದ್ರಿಂದ ಒಳಗೆ ನಿಂತವ್ರಿಗೆ ಗುಂಡಿ ಅಂತ ಗೊತ್ತೇ ಆಗಲ್ಲ, ದೂರದಲ್ಲಿ ಗುಡ್ಡದ ಸಾಲು ಕಾಣುತ್ತೆ ಅಷ್ಟೇ.

ರೀಸ್ ಕ್ರೇಟರ್ ಮ್ಯೂಸಿಯಂ ಇರೋದು ಹಳೇ ಉಗ್ರಾಣದಂಥ ಕಟ್ಟಡದಲ್ಲಿ, ಶುರುವಾಗಿದ್ದು 1990ರಲ್ಲಿ. ಉಲ್ಕೆಗಳಿವೆ, ಅಪೋಲೋ 16ರವ್ರು ಚಂದ್ರನಿಂದ ತಂದ ಕಲ್ಲಿದೆ, ಆ ಹೊಡೆತಕ್ಕೆ ಕರಗಿ ಈಗಿನ ಜೆಕ್ ದೇಶದವರೆಗೂ ಹಾರಿ ಬಿದ್ದ ಹಸಿರು ಗಾಜು, ಮೊಲ್ಡವೈಟ್ ಅಂತಾರೆ, ಅದೂ ಇದೆ. ಎಲ್ರೂ ಚಂದ್ರನ ಕಲ್ಲಿನ ಮುಂದೆನೇ ನಿಂತ್ಕೋತಾರೆ, ಆದ್ರೆ ನನ್ನ ಮನಸ್ಸು ಹಿಡಿದಿದ್ದು ಸೂಯೆವೈಟ್ ಅನ್ನೋ ಬೂದು ಕಲ್ಲು.

ಹತ್ತಿರದಿಂದ ನೋಡಿ, ನಮ್ಮ ಹಳೇ ಮನೆಗಳ ಮೊಸಾಯಿಕ್ ನೆಲ ಇರುತ್ತಲ್ಲ, ಥೇಟ್ ಹಾಗೆ, ಬೂದು ಪುಡಿ ಮಧ್ಯೆ ಚೂರು ಚೂರು ಕಲ್ಲು, ಕಪ್ಪು ಗಾಜು. ಆ ಗಾಜು ಒಂದು ಕಾಲಕ್ಕೆ ಕಲ್ಲೇ, ಹೊಡೆತದ ಕಾವಿಗೆ ಕರಗಿ ಮೇಲಕ್ಕೆ ಚಿಮ್ಮಿ ಆರಿದ್ದು. ಕಣ್ಣಿಗೆ ಕಾಣದಷ್ಟು ಸಣ್ಣ ವಜ್ರಗಳೂ ಇದರೊಳಗಿವೆ! ಮೊದ್ಲೆಲ್ಲ ಇದನ್ನ ಜ್ವಾಲಾಮುಖಿ ಕಲ್ಲು ಅಂತಾನೇ ನಂಬಿದ್ರು. 1960ರಲ್ಲಿ ಅಮೆರಿಕದ ಭೂವಿಜ್ಞಾನಿ ಯೂಜೀನ್ ಶೂಮೇಕರ್ ಇಲ್ಲಿಗೆ ಬಂದು ಸ್ಯಾಂಪಲ್ ತಗೊಂಡ್ರು, ಎಡ್ವರ್ಡ್ ಚಾವೋ ಜೊತೆ ಪರೀಕ್ಷೆ ಮಾಡಿದಾಗ ಕೋಯಸೈಟ್ ಸಿಕ್ತು, ಅದು ಮಾಮೂಲಿ ಬೆಣಚುಕಲ್ಲೇ ಭಯಂಕರ ಒತ್ತಡಕ್ಕೆ ಸಿಕ್ಕಿ ರೂಪ ಬದಲಾಯಿಸಿದ್ದು, ಜ್ವಾಲಾಮುಖಿ ಬಾಯಲ್ಲಿ ಅಷ್ಟು ಒತ್ತಡ ಹುಟ್ಟೋದೇ ಇಲ್ಲ. ಅಲ್ಲಿಗೆ ವಾದ ಮುಗೀತು. ಮುಂದೆ 1970ರಲ್ಲಿ ಚಂದ್ರನಿಗೆ ಹೋಗೋ ಮುಂಚೆ ಅಪೋಲೋ 14ರ ಅಲನ್ ಶೆಪರ್ಡ್, ಎಡ್ಗರ್ ಮಿಚೆಲ್ ಇಂಥ ಕಲ್ಲು ಗುರುತಿಸೋದನ್ನ ಕಲಿಯೋಕೆ ಇಲ್ಲಿಗೇ ಬಂದಿದ್ರು.

ಮ್ಯೂಸಿಯಂನಿಂದ ಸೀದಾ ನಡ್ಕೊಂಡು ಊರ ನಡುವಿನ ಸಂತ ಜಾರ್ಜ್ ಚರ್ಚಿಗೆ ಬಂದ್ವಿ. ಅದರ 90 ಮೀಟರ್ ಗೋಪುರಕ್ಕೆ ಜನ ಪ್ರೀತಿಯಿಂದ ಡ್ಯಾನಿಯಲ್ ಅಂತಾರೆ, ಕಟ್ಟಿರೋದು ಇದೇ ಸೂಯೆವೈಟ್‌ನಲ್ಲಿ. ಅದೇನು ಅಂತ ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಕಲ್ಲುಕುಟಿಗರು ಉಳಿಯಿಂದ ಕೆತ್ತಿ ಒಂದರ ಮೇಲೊಂದು ಜೋಡಿಸಿದ್ದಾರಲ್ಲ, ನೆನೆಸ್ಕೊಂಡ್ರೆ ಮೈ ಜುಮ್ ಅನ್ನುತ್ತೆ. ಮೇಲೆ ಹೋಗೋಕೆ 350 ಮೆಟ್ಲು, ಹತ್ತೋಣ, ಗುಂಡಿಯ ಅಂಚು ಅಲ್ಲಿಂದ ಚೆನ್ನಾಗಿ ಕಾಣುತ್ತೆ. ಅದಕ್ಕೂ ಮುಂಚೆ ಒಂದೇ ನಿಮಿಷ, ಇಲ್ಲಿ ನೋಡಿ, ನನ್ನ ಬೆರಳ ಪಕ್ಕ, ಗೋಡೆಯಲ್ಲಿ ಕಪ್ಪು ಗಾಜಿನ ಚೂರು.