ಲ್ಯಾಪ್‌ಟಾಪ್ ಗೋಕರ್ಣದಲ್ಲಿ, ಆಸ್ಪತ್ರೆ ಬೆಂಗಳೂರಲ್ಲಿ

ಕೇಳುಗರಿಗೆ ನಮಸ್ಕಾರ.

ನಾನು ಬೆಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಎಚ್‌ಆರ್ ಕೆಲಸ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಕೆಲವರು ಆಫೀಸಿಗೆ ಬರುವುದೇ ಇಲ್ಲ. ಒಂದು ತಿಂಗಳು ಗೋಕರ್ಣ, ಮುಂದಿನ ತಿಂಗಳು ಸಕಲೇಶಪುರ. ಕೆಲಸ ಆದರೆ ಸಾಕು ಅಂತ ನಾವೂ ಸುಮ್ಮನಿದ್ದೆವು.

ಹೋದ ವರ್ಷ ಒಂದು ರಾತ್ರಿ ಹನ್ನೊಂದೂವರೆಗೆ ಫೋನ್. ಗೋಕರ್ಣದಲ್ಲಿದ್ದ ಹುಡುಗನಿಗೆ ವಿಪರೀತ ಹೊಟ್ಟೆನೋವು. "ಮೇಡಂ, ಇನ್ಶೂರೆನ್ಸ್ ಕಾರ್ಡ್ ಇಲ್ಲಿ ಎಲ್ಲಿ ನಡೆಯುತ್ತೆ?" ಅಂದ. ಕಾರ್ಡ್ ನಡೆಯುವ ಆಸ್ಪತ್ರೆಗಳ, ಅಂದರೆ ವಿಮಾ ಕಂಪನಿಯ 'ನೆಟ್‌ವರ್ಕ್' ಆಸ್ಪತ್ರೆಗಳ ಪಟ್ಟಿ ತೆರೆದೆ. ಬೆಂಗಳೂರಿನ ಆಸ್ಪತ್ರೆಗಳು ಪುಟಗಟ್ಟಲೆ ಇದ್ದವು, ಅವನ ಹತ್ತಿರದ್ದು ಒಂದೂ ಇಲ್ಲ. ಹೋಂಸ್ಟೇ ಯಜಮಾನರೇ ಕಾರಿನಲ್ಲಿ ಕುಮಟಾಕ್ಕೆ ಕರೆದುಕೊಂಡು ಹೋದರು. ಅಪೆಂಡಿಕ್ಸ್! ಅಡ್ವಾನ್ಸ್ ಕಟ್ಟಲು ಗೆಳೆಯರು ಫೋನಿನಲ್ಲೇ ದುಡ್ಡು ಕೂಡಿಸಿದರು. ಹುಡುಗ ಹುಷಾರಾದ. ನಾಚಿಕೆಯಾಗಿದ್ದು ನನಗೆ. ಅವನ ಲ್ಯಾಪ್‌ಟಾಪಿನ ಸೀರಿಯಲ್ ನಂಬರ್ ನಮ್ಮ ಹತ್ತಿರ ಇತ್ತು, ಅವನ ಅಮ್ಮನ ಫೋನ್ ನಂಬರ್ ಇರಲಿಲ್ಲ.

2024ರ ಜನವರಿಯಿಂದ ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಲ್ಲೂ ಕ್ಯಾಶ್‌ಲೆಸ್, ಅಂದರೆ ಬಿಲ್ಲನ್ನು ವಿಮಾ ಕಂಪನಿಯೇ ನೇರವಾಗಿ ಕಟ್ಟುವ ಸೌಲಭ್ಯ, ಕೇಳಬಹುದು. ತುರ್ತಾಗಿ ಸೇರಿದರೆ 48 ಗಂಟೆಯೊಳಗೆ ವಿಮಾ ಕಂಪನಿಗೆ ತಿಳಿಸಬೇಕು. ಆಸ್ಪತ್ರೆಯವರು ಒಪ್ಪಬೇಕು ಅನ್ನಿ. ಆದರೆ ಇಂಥದ್ದೊಂದು ದಾರಿ ಇದೆ ಅಂತ ನನಗೇ ಗೊತ್ತಿರಲಿಲ್ಲ, ಅವನಿಗೆ ಹೇಳುವವರು ಯಾರು?

ಈಗ ಯಾರಾದರೂ ಊರು ಬದಲಿಸಿದರೆ, ಅಲ್ಲಿನ ಆಸ್ಪತ್ರೆಗೆ ನಾವೇ ಫೋನ್ ಮಾಡುತ್ತೇವೆ. ರಾತ್ರಿ ಡಾಕ್ಟರ್ ಇರುತ್ತಾರಾ, ನಮ್ಮ ಕಾರ್ಡ್ ನಡೆಯುತ್ತಾ? ಅಡ್ವಾನ್ಸ್‌ಗೆ ಅಂತ ಕಂಪನಿ ಒಂದಿಷ್ಟು ದುಡ್ಡು ಬೇರೆ ಇಟ್ಟಿದೆ, ಕ್ಲೇಮ್ ಬಂದ ಮೇಲೆ ವಾಪಸ್ ಕೊಟ್ಟರಾಯಿತು. "ಎಲ್ಲಿದ್ದೀರಿ ಅಂತ ಕೇಳೋದು ಕಾವಲು ಕಾದಂಗಲ್ವಾ?" ಅಂತ ಒಬ್ಬರು ಮುನಿಸಿಕೊಂಡರು. ಅವರು ಹೇಳಿದ್ದೂ ಸರಿಯೇ. ಆ ವಿವರ ಮ್ಯಾನೇಜರ್‌ಗೆ ಸಿಗದ ಹಾಗೆ ನೋಡಿಕೊಂಡೆವು.

ಬೇಸಿಗೆಯಲ್ಲಿ ಮಲೆನಾಡಿನ ಕಾಡಂಚಿಗೆ ಹೋಗುವವರಿಗೆ ಮಂಗನ ಕಾಯಿಲೆಯ ವಿಷಯವನ್ನೂ ಹೇಳುತ್ತೇವೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಜ್ವರ ಅದು. ಉಣ್ಣೆ ಅನ್ನುವ ರಕ್ತ ಹೀರುವ ಸಣ್ಣ ಹುಳ ಕಚ್ಚಿ ಬರುತ್ತದೆ. ಪೇಟೆಯ ಹುಡುಗರಿಗೆ ಉಣ್ಣೆ ಅಂದರೆ ಸ್ವೆಟರ್ ಮಾತ್ರ! ಜ್ವರ ಬಂದರೆ ಮಾತ್ರೆ ನುಂಗಿ ಮೀಟಿಂಗಿಗೆ ಕೂರಬೇಡಿ, ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಿ ಅನ್ನುತ್ತೇವೆ. ಒಬ್ಬರೇ ಇದ್ದು ಮನಸ್ಸು ಕುಗ್ಗಿದವರಿಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಇನ್ನು ಬಾಲಿಗೋ ಬ್ಯಾಂಕಾಕಿಗೋ ಹೊರಟವರಿಗೆ ಬೇರೆ ವಿಮೆ ಬೇಕೇ ಬೇಕು. ಕಂಪನಿಯ ಗ್ರೂಪ್ ಪಾಲಿಸಿ ಸಾಮಾನ್ಯವಾಗಿ ದೇಶದ ಗಡಿ ದಾಟುವುದಿಲ್ಲ.

ಮೊನ್ನೆ ನಮ್ಮ ಹುಡುಗಿಯೊಬ್ಬಳು ಆಗುಂಬೆಯಲ್ಲಿ ಮನೆ ನೋಡಿ, ತೀರ್ಥಹಳ್ಳಿಗೆ ಬಂದು ಫೋನ್ ಮಾಡಿದಳು.

"ಮೇಡಂ, ಮನೆ ಚೆನ್ನಾಗಿದೆ, ಆದರೆ ನೆಟ್‌ವರ್ಕ್ ಇಲ್ಲ."

"ಯಾವುದಮ್ಮಾ, ಮೊಬೈಲಿಂದಾ, ಆಸ್ಪತ್ರೆದಾ?"

"ಎರಡೂ ಇಲ್ಲ ಮೇಡಂ."

ಈಗ ತೀರ್ಥಹಳ್ಳಿ ಪೇಟೆಯಲ್ಲೇ ರೂಮ್ ಹುಡುಕುತ್ತಿದ್ದಾಳೆ. ನಮಸ್ಕಾರ.