ಟಾಮಿ ಜಾನ್: ಆಪರೇಷನ್ ಆದ್ಮೇಲಿನ 164 ಗೆಲುವು

ಎಲ್ರಿಗೂ ನಮಸ್ಕಾರ. ಬೇಸ್‌ಬಾಲ್ ಅಷ್ಟಾಗಿ ನೋಡದೇ ಇರೋರೂ ಟಾಮಿ ಜಾನ್ ಸರ್ಜರಿ ಅನ್ನೋ ಮೊಣಕೈ ಆಪರೇಷನ್ ಬಗ್ಗೆ ಎಲ್ಲೋ ಕೇಳಿರ್ತೀರ, ಜಪಾನಿನ ಬೇಸ್‌ಬಾಲ್ ಸ್ಟಾರ್ ಶೋಹೇ ಒಟಾನಿಗೆ 2018ರಲ್ಲಿ ಆಗಿದ್ದೂ ಅದೇ. ಆದ್ರೆ ಟಾಮಿ ಜಾನ್ ಅಂದ್ರೆ ಡಾಕ್ಟರ್ ಅಲ್ಲ, ಪೇಷೆಂಟು. ಅಮೆರಿಕದ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನಲ್ಲಿ 26 ಸೀಸನ್ ಆಡಿದ ಎಡಗೈ ಪಿಚರ್, ಅಂದ್ರೆ ಕ್ರಿಕೆಟ್ ಬೌಲರ್ ಥರ ಬ್ಯಾಟರ್‌ಗೆ ಬಾಲ್ ಎಸೆಯೋರು. ಇವತ್ತು ನಾನು ಮಾತಾಡ್ಬೇಕು ಅಂತ ಬಂದಿರೋದು ಆ ಮನುಷ್ಯನ ಬಗ್ಗೆ, ಯಾಕಂದ್ರೆ ಆಪರೇಷನ್ ಎಷ್ಟು ಫೇಮಸ್ ಆಯ್ತು ಅಂದ್ರೆ ಅವ್ರು ಆಡಿದ ಆಟವನ್ನೇ ಜನ ಮರೆತುಬಿಟ್ರು, ಇದು ನನಗೆ ನಿಜವಾಗ್ಲೂ ಬೇಜಾರಿನ ವಿಷಯ.

ಹುಟ್ಟಿದ್ದು 1943ರಲ್ಲಿ, ಇಂಡಿಯಾನಾ ರಾಜ್ಯದ ಟೆರೆ ಹೋಟ್ ಅನ್ನೋ ಊರಲ್ಲಿ. 1963ರಲ್ಲಿ ಕ್ಲೀವ್‌ಲ್ಯಾಂಡ್ ತಂಡಕ್ಕೆ ಆಡೋಕೆ ಶುರು ಮಾಡಿದ್ರು, ಆಮೇಲೆ ಶಿಕಾಗೋ ವೈಟ್ ಸಾಕ್ಸ್, ಅಲ್ಲಿಂದ 1971ರ ಕೊನೇಲಿ ಡಿಕ್ ಅಲೆನ್ ಅವ್ರನ್ನ ಕೊಟ್ಟು ಇವ್ರನ್ನ ಲಾಸ್ ಏಂಜಲೀಸ್ ಡಾಡ್ಜರ್ಸ್ ತಗೊಂಡ್ರು. ಇವ್ರು ಮಹಾ ಸ್ಪೀಡ್ ಎಸೆಯೋ ಪಿಚರ್ ಅಲ್ಲ. ಇವ್ರ ಅಸ್ತ್ರ ಸಿಂಕರ್, ಬ್ಯಾಟ್ ಹತ್ರ ಬಂದಾಗ ಸ್ವಲ್ಪ ಕೆಳಗಿಳಿಯೋ ಬಾಲು, ಬ್ಯಾಟರ್ ಹೊಡೆದ್ರೂ ಅದು ಬ್ಯಾಟಿನ ಕೆಳಭಾಗಕ್ಕೆ ಸಿಕ್ಕಿ ನೆಲದ ಮೇಲೆ ಉರುಳ್ಕೊಂಡು ಹೋಗತ್ತೆ, ಫೀಲ್ಡರ್ ಎತ್ಕೊಂಡು ಔಟ್ ಮಾಡ್ತಾನೆ. ನೋಡೋಕೆ ರೋಮಾಂಚನ ಏನಿಲ್ಲ, ಆದ್ರೆ ಕೆಲಸ ಆಗತ್ತೆ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗತ್ತೆ.

1974 ಜುಲೈ 17. ಆ ವರ್ಷ ಆಗ್ಲೇ 13 ಗೆದ್ದು ಬರೀ 3 ಸೋತಿದ್ರು. ಬೇಸ್‌ಬಾಲ್‌ನಲ್ಲಿ ತಂಡ ಗೆದ್ರೆ ಆ ಗೆಲುವನ್ನ ಒಬ್ಬ ಪಿಚರ್ ಹೆಸರಿಗೆ ಬರೀತಾರೆ, ಒಂದು ಸೀಸನ್‌ನಲ್ಲಿ 20 ಬಂದ್ರೆ ದೊಡ್ಡ ಸಾಧನೆ, ಜುಲೈ ಮಧ್ಯದಲ್ಲೇ 13 ಅಂದ್ರೆ ಅವ್ರ ಜೀವನದ ಬೆಸ್ಟ್ ವರ್ಷ ಆಗೋ ಹಾಗಿತ್ತು. ಡಾಡ್ಜರ್ ಸ್ಟೇಡಿಯಂ, ಎದುರಾಳಿ ಮಾಂಟ್ರಿಯಲ್, ಒಂಬತ್ತು ಇನಿಂಗ್ಸ್‌ನಲ್ಲಿ ಮೂರನೇದು, 4-0 ಲೀಡ್. ಒಂದು ಬಾಲ್ ಎಸೆದಾಗ ಕೈ ಏನೋ ಕಿತ್ತುಬಂದ ಹಾಗಾಯ್ತು, ಇನ್ನೊಂದು ಎಸೆದು ನೋಡಿದ್ರು, ಅಷ್ಟೇ, ತಾವೇ ನಡ್ಕೊಂಡು ಮೈದಾನದಿಂದ ಆಚೆ ಬಂದ್ರು. ವಯಸ್ಸು 31.

ಏನು ಹರಿದಿತ್ತು ಅಂತ ಸ್ವಲ್ಪ ಹೇಳ್ತೀನಿ. ಕ್ರಿಕೆಟ್‌ನಲ್ಲಿ ಬೌಲರ್ ಮೊಣಕೈ ನೇರ ಇಟ್ಕೊಂಡು ಭುಜದಿಂದ ಕೈ ತಿರುಗಿಸ್ಬೇಕು, 15 ಡಿಗ್ರಿಗಿಂತ ಜಾಸ್ತಿ ನೇರ ಮಾಡಿದ್ರೆ ಚಕ್ಕಿಂಗ್. ಪಿಚರ್‌ಗೆ ಆ ರೂಲ್ ಇಲ್ಲ, ಮೊಣಕೈ ಮಡಚ್ಕೊಂಡೇ ಎಸೀತಾನೆ, ತೋಳು ಮುಂದೆ ಬಂದಿರತ್ತೆ, ಮುಂಗೈ ಇನ್ನೂ ಹಿಂದೇನೇ ಉಳಿದಿರತ್ತೆ, ಆ ಕ್ಷಣದಲ್ಲಿ ಮೊಣಕೈಯ ಒಳಬದಿ ಬಾಯಿ ತೆರೆಯೋ ಹಾಗೆ ಎಳೆತ ಬೀಳತ್ತೆ. ಅದನ್ನ ಹಿಡಿದಿಟ್ಕೊಳ್ಳೋದು ತೋಳಿನ ಮೂಳೆಯನ್ನ ಕಿರುಬೆರಳ ಕಡೆಯ ಮುಂಗೈ ಮೂಳೆಗೆ ಜೋಡಿಸೋ ಒಂದು ಸಣ್ಣ ಲಿಗಮೆಂಟು, ಅಂದ್ರೆ ಮೂಳೆಗೂ ಮೂಳೆಗೂ ನಡುವಿನ ಗಟ್ಟಿ ಪಟ್ಟಿ. ಅದು ಹರಿದ್ರೆ ದಿನನಿತ್ಯದ ಕೆಲಸಕ್ಕೆ ಏನೂ ತೊಂದ್ರೆ ಇಲ್ಲ, ಊಟ ಮಾಡಬಹುದು, ಕಾರು ಓಡಿಸಬಹುದು, ಪಿಚ್ ಮಾಡೋಕೆ ಮಾತ್ರ ಆಗಲ್ಲ. 1974ಕ್ಕೆ ಮುಂಚೆ ಎಷ್ಟೋ ಪಿಚರ್‌ಗಳು ಕೈ ಸತ್ತೋಯ್ತು ಅನ್ನಿಸ್ಕೊಂಡು ಕಾರಣಾನೂ ಗೊತ್ತಾಗದೆ ಮನೆಗೆ ಹೋಗಿದ್ದಾರೆ.

ಡಾಡ್ಜರ್ಸ್ ಡಾಕ್ಟರ್ ಫ್ರಾಂಕ್ ಜೋಬ್. ಸೆಪ್ಟೆಂಬರ್ 25ಕ್ಕೆ ಅವ್ರು ಮಾಡಿದ್ದೇನಂದ್ರೆ ಟಾಮಿಯ ಬಲಗೈ ಮುಂಗೈಯಿಂದ ಒಂದು ಟೆಂಡನ್, ಅಂದ್ರೆ ಸ್ನಾಯುವನ್ನ ಮೂಳೆಗೆ ಕಟ್ಟೋ ಹುರಿ, ತೆಗೆದು, ಎಡ ಮೊಣಕೈ ಮೂಳೆಗಳಲ್ಲಿ ತೂತು ಕೊರೆದು, ಅದರೊಳಗಿಂದ ಇಂಗ್ಲಿಷ್ ಎಂಟರ ಆಕಾರದಲ್ಲಿ ಪೋಣಿಸಿ ಕಟ್ಟಿದ್ರು. ಯಾವ ಟೆಂಡನ್ ಅಂತ ನೀವು ಈಗ್ಲೇ ನೋಡ್ಕೋಬಹುದು, ಹೆಬ್ಬೆರಳು ಕಿರುಬೆರಳು ಕೂಡಿಸಿ ಮಣಿಕಟ್ಟು ಸ್ವಲ್ಪ ಒಳಗೆ ಬಗ್ಗಿಸಿ, ಮಧ್ಯದಲ್ಲಿ ದಾರದ ಥರ ಎದ್ದು ಕಾಣತ್ತಲ್ಲ, ಅದೇ. ಕೆಲವರಿಗೆ ಹುಟ್ಟಿನಿಂದಲೇ ಇರಲ್ಲ, ಗಾಬರಿ ಬೇಡ, ಅದಿಲ್ಲದೇನೂ ಕೈ ಚೆನ್ನಾಗೇ ಕೆಲಸ ಮಾಡತ್ತೆ. ಟೆಂಡನ್ ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಹಾಕೋದು ಪೋಲಿಯೋ ಪೇಷೆಂಟ್‌ಗಳಲ್ಲಿ ಮೊದಲೇ ಇತ್ತು, ಪಿಚರ್ ಮೊಣಕೈಗೆ ಯಾರೂ ಮಾಡಿರಲಿಲ್ಲ. ಮತ್ತೆ ಪಿಚ್ ಮಾಡೋ ಚಾನ್ಸ್ ನೂರಕ್ಕೆ ಒಂದು ಅಂತ ಜೋಬ್ ಮೊದಲೇ ಹೇಳಿದ್ರು, ಟಾಮಿ ಒಪ್ಕೊಂಡ್ರು.

ಇಲ್ಲಿಗೆ ಕಥೆ ಮುಗೀತು ಅಂತ ಸುಮಾರು ಜನ ಅಂದ್ಕೋತಾರೆ, ಆಪರೇಷನ್ ಆಯ್ತು, ವಾಪಸ್ ಬಂದ್ರು ಅಂತ. ಹಾಗಲ್ಲ. ಆಪರೇಷನ್ ಆದ್ಮೇಲೆ ನರಕ್ಕೆ ಪೆಟ್ಟಾಗಿ ಎಡಗೈ ಬೆರಳು ಮುದುಡ್ಕೊಂಡುಬಿಟ್ಟವು, ಡಿಸೆಂಬರ್‌ನಲ್ಲಿ ನರ ಸರಿ ಮಾಡೋಕೆ ಇನ್ನೊಂದು ಆಪರೇಷನ್. 1975 ಪೂರ್ತಿ ಒಂದು ಮ್ಯಾಚೂ ಇಲ್ಲ. ಬೆರಳಲ್ಲಿ ಬಲ ಇಲ್ಲದೆ ಬಾಲ್ ಹಿಡಿಯೋದೇ ಕಷ್ಟ, ಮುಂದೆ ಹೇಗೆ ಹೋಗ್ಬೇಕು ಅಂತ ಹೇಳಿಕೊಡೋಕೆ ಇದೇ ಆಪರೇಷನ್ ಆಗಿದ್ದ ಇನ್ನೊಬ್ಬ ಪಿಚರ್ ಪ್ರಪಂಚದಲ್ಲೇ ಇರಲಿಲ್ಲ. ಇವತ್ತು ಯಾವ ಪಿಚರ್‌ಗೆ ಆದ್ರೂ ಯಾವ ತಿಂಗಳು ಏನು ಮಾಡ್ಬೇಕು ಅಂತ ಪಟ್ಟಿ ಕೊಡ್ತಾರೆ, ಇವ್ರು ಕತ್ತಲಲ್ಲಿ ನಡೆದಿದ್ದಾರೆ. ತಂಡದಲ್ಲಿದ್ದ ಮೈಕ್ ಮಾರ್ಷಲ್ ಅನ್ನೋ ಪಿಚರ್, ದೇಹದ ಚಲನೆ ಬಗ್ಗೆ ಯೂನಿವರ್ಸಿಟಿಯಲ್ಲಿ ಓದ್ತಿದ್ದವ್ರು, ಎಸೆಯೋ ರೀತಿ ಬದಲಾಯಿಸ್ಕೊಳ್ಳೋಕೆ ಸಹಾಯ ಮಾಡಿದ್ರು. 1976 ಏಪ್ರಿಲ್‌ನಲ್ಲಿ ವಾಪಸ್ ಬಂದ್ರು, ಆ ವರ್ಷ 10 ಗೆಲುವು 10 ಸೋಲು. 1977ರಲ್ಲಿ 20. ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ ಹೋಗಿ 1979ರಲ್ಲಿ 21, 1980ರಲ್ಲಿ 22. ಕೈ ಚೆನ್ನಾಗಿದ್ದಾಗ ಒಂದ್ಸಲಾನೂ 20 ಮುಟ್ಟದವ್ರು ರಿಪೇರಿ ಕೈಯಲ್ಲಿ ಮೂರು ಸಲ ಮುಟ್ಟಿದ್ರು!

ಅದಕ್ಕೆ ಕಾರಣ ಹೊಸ ಟೆಂಡನ್ ಒಂದೇ ಅಲ್ಲ ಅಂತ ನನ್ನ ಅಭಿಪ್ರಾಯ. ಸ್ಪೀಡ್ ನಂಬ್ಕೊಂಡ ಪಿಚರ್ ಆಗಿದ್ರೆ ಅಷ್ಟು ವರ್ಷ ಬರ್ತಿರಲಿಲ್ಲ, ಬ್ಯಾಟರ್‌ನ ತಪ್ಪು ಹೊಡೆತಕ್ಕೆ ಎಳೆಯೋ ಆಟ ಆಗಿದ್ರಿಂದ ವಯಸ್ಸಾದ್ರೂ ನಡೀತು. 1989ರಲ್ಲಿ 45ನೇ ವಯಸ್ಸಲ್ಲಿ ಯಾಂಕೀಸ್‌ನ ಸೀಸನ್ ಮೊದಲ ಮ್ಯಾಚ್ ಶುರು ಮಾಡಿ ಗೆದ್ದಿದ್ದಾರೆ. ಒಟ್ಟು 288 ಗೆಲುವು, ಅದರಲ್ಲಿ 124 ಆಪರೇಷನ್‌ಗೆ ಮುಂಚೆ, 164 ಆಮೇಲೆ.

ವರ್ಲ್ಡ್ ಸೀರೀಸ್, ಅಂದ್ರೆ ಸೀಸನ್ ಕೊನೆಯ ಫೈನಲ್ ಸರಣಿ, ಮಾತ್ರ ಕೈಗೆ ಸಿಗಲೇ ಇಲ್ಲ. 1977, 1978 ಎರಡೂ ಸಲ ಡಾಡ್ಜರ್ಸ್ ಕಡೆ ಇದ್ದು ಯಾಂಕೀಸ್ ಕೈಲಿ ಸೋತ್ರು, ಯಾಂಕೀಸ್ ಸೇರಿದ್ಮೇಲೆ 1981ರಲ್ಲಿ ಅದೇ ಡಾಡ್ಜರ್ಸ್ ಕೈಲಿ ಸೋತ್ರು. ಆ ಕೊನೇ ಮ್ಯಾಚ್‌ನಲ್ಲಿ 1-1 ಇದ್ದಾಗ ನಾಲ್ಕನೇ ಇನಿಂಗ್ಸ್‌ಗೇ ಮ್ಯಾನೇಜರ್ ಬಾಬ್ ಲೆಮನ್ ಇವ್ರ ಬದಲು ಬೇರೆ ಬ್ಯಾಟರ್‌ನ ಕಳಿಸಿ ಇವ್ರನ್ನ ಕೂರಿಸಿದ್ರು, ಕೊನೆಗೆ 9-2 ಅಲ್ಲಿ ಹೋಯ್ತು. ಅದು ತಪ್ಪು ನಿರ್ಧಾರ ಅಂತಾನೇ ನಾನು ಹೇಳೋದು.

ಇಲ್ಲಿ ಮಕ್ಕಳನ್ನ ಆಟಕ್ಕೆ ಕಳಿಸೋ ಅಪ್ಪ ಅಮ್ಮಂದಿರು ಇದ್ರೆ ಒಂದು ಮಾತು. ಈ ಆಪರೇಷನ್ ಮಾಡಿಸ್ಕೊಂಡ್ರೆ ಮೊದಲಿಗಿಂತ ಸ್ಪೀಡ್ ಬರತ್ತೆ ಅಂತ ಅಮೆರಿಕದಲ್ಲಿ ಒಂದು ನಂಬಿಕೆ ಹಬ್ಬಿದೆ. ಹಾಗೆ ಏನೂ ಇಲ್ಲ, ಹರಿದಿದ್ದನ್ನ ಕಟ್ಟೋದಷ್ಟೇ. ಈಗ ಹೈಸ್ಕೂಲ್ ಹುಡುಗರೇ ದೊಡ್ಡ ಸಂಖ್ಯೆಯಲ್ಲಿ ಈ ಆಪರೇಷನ್ ಟೇಬಲ್ ಮೇಲೆ ಮಲಗ್ತಿದ್ದಾರೆ, ಕಾರಣ ವರ್ಷಪೂರ್ತಿ ಒಂದೇ ಆಟ, ರೆಸ್ಟ್ ಇಲ್ಲ, ಬೆಳೆಯೋ ಕೈಯಲ್ಲಿ ಪೂರ್ತಿ ಜೋರಿನ ಎಸೆತ. ಟಾಮಿ ಜಾನ್ ಅವ್ರೇ ಇದರ ವಿರುದ್ಧ ಬಹಿರಂಗವಾಗಿ ಮಾತಾಡಿದ್ದಾರೆ.

ಇನ್ನು ಹಾಲ್ ಆಫ್ ಫೇಮ್ ವಿಷಯ, ಅಂದ್ರೆ ಬೇಸ್‌ಬಾಲ್‌ನ ದೊಡ್ಡ ಆಟಗಾರರನ್ನ ಸೇರಿಸಿ ಗೌರವಿಸೋ ಜಾಗ. ಒಳಗೆ ಹೋಗೋಕೆ ನೂರಕ್ಕೆ 75 ಓಟು ಬೇಕು. ಪತ್ರಕರ್ತರ ಓಟಿಂಗ್‌ನಲ್ಲಿ ಇವ್ರಿಗೆ ಕೊನೇ ವರ್ಷ, 2009ರಲ್ಲಿ, ಸಿಕ್ಕಿದ್ದು 31.7. ದೀರ್ಘಕಾಲ ಆಡಿದ್ರಷ್ಟೇ, ಯಾವತ್ತೂ ನಂಬರ್ ಒನ್ ಆಗಿರಲಿಲ್ಲ ಅನ್ನೋದು ವಿರೋಧಿಸೋರ ವಾದ. ವರ್ಷದ ಬೆಸ್ಟ್ ಪಿಚರ್‌ಗೆ ಕೊಡೋ ಸೈ ಯಂಗ್ ಅವಾರ್ಡ್ ಅವ್ರು ಒಮ್ಮೆನೂ ಗೆದ್ದಿಲ್ಲ ನಿಜ, ಎರಡು ಸಲ ಎರಡನೇ ಸ್ಥಾನಕ್ಕೆ ಬಂದ್ರು, ಎರಡೂ ಆಪರೇಷನ್ ಆದ್ಮೇಲೆ, 1977 ಮತ್ತು 1979. ಡಾಕ್ಟರ್ ಜೋಬ್ ಅವ್ರನ್ನ 2013ರಲ್ಲಿ ಹಾಲ್ ಆಫ್ ಫೇಮ್ ಸಮಾರಂಭದಲ್ಲಿ ಗೌರವಿಸಿದ್ರು, ಅದು ಸರಿಯಾದದ್ದೇ. ಆದ್ರೆ ಒಂದೂವರೆ ವರ್ಷ ಯಾರೂ ನಡೆಯದ ದಾರೀಲಿ ನಡೆದು, ಇದು ಸಾಧ್ಯ ಅಂತ ತಮ್ಮ ಕೈಯಿಂದಲೇ ತೋರಿಸಿ, ಅದೇ ಕೈಯಲ್ಲಿ 164 ಮ್ಯಾಚ್ ಗೆದ್ದವ್ರಿಗೂ ಅಲ್ಲಿ ಜಾಗ ಸಿಗ್ಬೇಕು, ಅವ್ರು ಪಿಚರ್ ಆಗಿ ಒಳಗೆ ಹೋಗ್ಬೇಕು.