ಹಾಲಿನ ಪ್ಯಾಕೆಟ್ಟಿನ ನೀಲಕಂಠ

ಈ ವಿಡಿಯೊದಲ್ಲಿ ಈಗ ನೀವು ನೋಡುತ್ತಿರುವ ಬೂದುಬಣ್ಣದ ಮುದ್ದೆ ಅಡುಗೆಮನೆಯಲ್ಲೇ ತಯಾರಾಗಿದ್ದರೂ ತಿನ್ನುವಂಥದ್ದಲ್ಲ. ಒಂದು ರಾತ್ರಿ ಹಳೆಯ ದಿನಪತ್ರಿಕೆಯ ಹಾಳೆಗಳನ್ನೂ 30 ಮೊಟ್ಟೆ ಹಿಡಿಯುವ ಒಂದು ರಟ್ಟಿನ ಟ್ರೇಯನ್ನೂ ಚೂರು ಮಾಡಿ ಬಕೆಟ್ಟಿನಲ್ಲಿ ನೆನೆಹಾಕಿದ್ದೆವು. ಪಕ್ಕದ ಬಟ್ಟಲಿನಲ್ಲಿ ಎರಡು ಹಿಡಿ ಮೆಂತ್ಯ ನೆನೆಯುತ್ತಿತ್ತು. ಬೆಳಿಗ್ಗೆ ನೀರು ಹಿಂಡಿ ಎರಡನ್ನೂ ಒಟ್ಟಿಗೆ ರುಬ್ಬಿದಾಗ ದೊರೆತದ್ದು ಇದು. ಬೇಸಿಗೆ ರಜೆಯ ಈ ವಾರ ಮನೆಯ ಇಬ್ಬರು ಮಕ್ಕಳ ಜೊತೆ ಸೇರಿ, ಅಂಗಡಿಯಿಂದ ಹೊಸದಾಗಿ ಏನನ್ನೂ ತರಬಾರದೆಂಬ ಕರಾರಿನ ಮೇಲೆ, ಒಂದು ನೀಲಕಂಠ ಹಕ್ಕಿಯನ್ನು ಮಾಡಲು ಹೊರಟೆವು.

ಮೆಂತ್ಯದ ಉಪಾಯ ನನ್ನದಲ್ಲ. ರದ್ದಿ ಕಾಗದವನ್ನು ಮೆಂತ್ಯದೊಂದಿಗೆ ಒರಳಿನಲ್ಲಿ ರುಬ್ಬಿ, ಬೋರಲು ಹಾಕಿದ ಪಾತ್ರೆಯ ಮೇಲೆ ಮೆತ್ತಿ, ಬಿಸಿಲಿನಲ್ಲಿ ಒಣಗಿಸಿ ಬುಟ್ಟಿ ಮಾಡಿಕೊಳ್ಳುವುದು ನಮ್ಮ ಅಜ್ಜಿಯಂಥವರಿಗೆ ಬೇಸಿಗೆಯ ಕೆಲಸಗಳಲ್ಲೊಂದಾಗಿತ್ತು. ನೆನೆದ ಮೆಂತ್ಯ ಬಿಡುವ ಲೋಳೆ ಕಾಗದದ ನಾರುಗಳನ್ನು ಹಿಡಿದಿಡುತ್ತದೆ. ಅದರ ಕಹಿಗೆ ಹುಳ ಹತ್ತುವುದಿಲ್ಲವೆಂದು ಅಜ್ಜಿ ಹೇಳುತ್ತಿದ್ದರು. ಅವರ ಬೆಳ್ಳುಳ್ಳಿ ಬುಟ್ಟಿಯ ತಳದಲ್ಲಿ ಸರಿಯಾಗಿ ಅರೆಯದೆ ಉಳಿದ ಕಾಗದದ ಚೂರೊಂದಿತ್ತು, ಅದರ ಮೇಲಿನ ಅರ್ಧ ಪದವನ್ನು ನಾನು ಚಿಕ್ಕವಳಿದ್ದಾಗ ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ.

ಮುದ್ದೆಗೆ ಕೈಹಾಕುವ ಮೊದಲು ಹಕ್ಕಿಯನ್ನು ನೋಡಬೇಕಾಗಿತ್ತು. ನೀಲಕಂಠ ನಮ್ಮ ರಾಜ್ಯಪಕ್ಷಿಯೆಂದು ಮಕ್ಕಳು ಪಾಠದಲ್ಲಿ ಓದಿದ್ದರು, ಹೆಸರನ್ನು ನಂಬಿ ಇಬ್ಬರೂ ಮೊದಲು ಬರೆದ ಚಿತ್ರಗಳಲ್ಲಿ ಕತ್ತು ಕಡುನೀಲಿಯಾಗಿತ್ತು. ಊರಾಚೆಯ ಹೊಲಗಳ ಬದಿಯಲ್ಲಿ ಎರಡು ಬೆಳಗು ಕಾದ ಮೇಲೆ ವಿದ್ಯುತ್ ತಂತಿಯ ಮೇಲೆ ಕುಳಿತಿದ್ದ ಹಕ್ಕಿಯನ್ನು ತೋರಿಸಿದಾಗ, ಅದು ನೀಲಕಂಠವೇ ಅಲ್ಲವೆಂದು ದೊಡ್ಡವನು ವಾದಿಸಿದ. ಅವನದು ತಪ್ಪಲ್ಲ, ಈ ಹಕ್ಕಿಯ ಕಂಠ ನೀಲಿಯೇ ಅಲ್ಲ, ಕಂದು ಬೆರೆತ ನಸುನೇರಳೆ, ಅದರ ಮೇಲೆ ಬಿಳಿಯ ಗೀರುಗಳು. ನಂತರ ಅದು ಮಿಡತೆಯನ್ನು ಕಂಡಂತೆ ನೆಲಕ್ಕೆ ಹಾರಿತು, ರೆಕ್ಕೆ ಬಿಚ್ಚಿತು, ಆಗ ತಿಳಿನೀಲಿ ಮತ್ತು ಕಡುನೀಲಿಯ ಪಟ್ಟಿಗಳು ಒಮ್ಮೆಲೇ ಕಾಣಿಸಿದವು. ನಾವು ಮಾಡುವ ಹಕ್ಕಿ ರೆಕ್ಕೆ ಬಿಚ್ಚಿಯೇ ಇರಬೇಕೆಂದು ಅಲ್ಲಿಯೇ ತೀರ್ಮಾನವಾಯಿತು.

ಮೈಯನ್ನು ಮಾಡುವುದು ಸುಲಭವಾಯಿತು. ಕಾಗದದ ಉಂಡೆಯ ಮೇಲೆ ಮುದ್ದೆಯನ್ನು ತೆಳ್ಳಗೆ ಮೆತ್ತಿ ತಾರಸಿಯ ಮೇಲೆ ನಾಲ್ಕು ದಿನ ಒಣಗಿಸಿದೆವು. ಎದೆಯ ಕಂದು ಬಣ್ಣಕ್ಕೆ ಚಹಾ ಸೋಸಿ ಉಳಿದ ಚರಟವನ್ನು ಮತ್ತೆ ಕುದಿಸಿ ಬಳಿದೆವು. ಕಣ್ಣುಗಳು ಒಣಗಿದ ಪಪ್ಪಾಯಿ ಬೀಜದವು.

ತೊಡಕು ಬಂದದ್ದು ರೆಕ್ಕೆಯಲ್ಲಿ. ತಿಳಿನೀಲಿಗೆ ನಂದಿನಿಯ ನೀಲಿ ಹಾಲಿನ ಪ್ಯಾಕೆಟ್ಟುಗಳನ್ನೂ ಕಡುನೀಲಿಗೆ ಬಟ್ಟೆ ಸೋಪಿನ ಪುಡಿಯ ಪೊಟ್ಟಣವನ್ನೂ ತೊಳೆದು, ಗರಿಗಳ ಆಕಾರಕ್ಕೆ ಕತ್ತರಿಸಿ, ಮನೆಯಲ್ಲಿದ್ದ ಬಿಳಿ ಅಂಟಿನಿಂದ ಅಂಟಿಸಿ ಮಲಗಿದೆವು. ಬೆಳಿಗ್ಗೆ ಎದ್ದಾಗ ಹಕ್ಕಿ ಬೋಳಾಗಿತ್ತು, ಗರಿಗಳೆಲ್ಲ ಮೇಜಿನ ಮೇಲಿದ್ದವು. ಈ ಅಂಟು ತನ್ನ ನೀರನ್ನು ಕಾಗದದಂಥ ಹೀರುವ ಮೈಗೆ ಬಿಟ್ಟುಕೊಟ್ಟು ಗಟ್ಟಿಯಾಗುವಂಥದ್ದು, ಪಾಲಿಥಿನ್ನಿನ ನುಣುಪು ಮೈಯನ್ನು ಅದು ಹಿಡಿಯುವುದಿಲ್ಲ. ಇಷ್ಟು ನನಗೆ ಮೊದಲೇ ಹೊಳೆಯಬೇಕಿತ್ತು. ಚಿಕ್ಕವಳ ಅಳು ನಿಂತ ಮೇಲೆ ಸೂಜಿದಾರ ತಂದು, ಗರಿಯೊಂದಕ್ಕೆ ಎರಡು ಹೊಲಿಗೆಯಂತೆ ರಟ್ಟಿನ ರೆಕ್ಕೆಗೆ ಹೊಲಿಯುತ್ತಾ ಕುಳಿತೆವು. ತೆರೆಯ ಮೇಲೆ ಕಾಣುತ್ತಿರುವ ಓರೆಕೋರೆ ಹೊಲಿಗೆಗಳು ಅವಳವು. ಅವನ್ನು ಬಿಚ್ಚಿ ನೇರ ಮಾಡುವ ಮನಸ್ಸು ನನಗಾಗಲಿಲ್ಲ.

ಅಂಟು ಸೋತದ್ದು ಒಳ್ಳೆಯದೇ ಆಯಿತೆಂದು ಈಗ ಅನಿಸುತ್ತಿದೆ. ತೊಳೆದ ಹಾಲಿನ ಪ್ಯಾಕೆಟ್ಟನ್ನು ಒಣಕಸಕ್ಕೆ ಕೊಟ್ಟರೆ ಅದನ್ನು ಕರಗಿಸಿ ಮತ್ತೆ ಬಳಸಬಹುದು, ಆದರೆ ಅಂಟು, ಬಣ್ಣ, ಮಿನುಗುಪುಡಿಗಳಿಂದ ಅದನ್ನು ಕಾಗದಕ್ಕೆ ಬೆಸೆದುಬಿಟ್ಟರೆ ಎರಡೂ ಕೆಡುತ್ತವೆ. ಕಸದಿಂದ ರಸವೆಂದು ತೋರಿಸುವ ಎಷ್ಟೋ ವಿಡಿಯೊಗಳಲ್ಲಿ ಒಂದು ಬಾಟಲಿಯನ್ನು ಉಳಿಸಲು ನೂರಾರು ರೂಪಾಯಿಯ ಥರ್ಮೋಕೋಲ್ ಮತ್ತು ಮಿನುಗುಪುಡಿಯನ್ನು ಕೊಳ್ಳುತ್ತಾರೆ, ಅದು ನನಗೆ ಒಪ್ಪಿಗೆಯಾಗದ ಮಾತು. ನಮ್ಮ ಹಕ್ಕಿ ಹಳತಾದ ದಿನ ದಾರವನ್ನು ಕತ್ತರಿಸಿದರೆ ಗರಿಗಳು ಒಣಕಸಕ್ಕೂ ಮೈ ಗೊಬ್ಬರದ ಗುಂಡಿಗೂ ಹೋಗುತ್ತವೆ.

ಹೊಲಿಯುವಾಗ ದೊಡ್ಡವನು ನಿಜವಾದ ಗರಿಗೆ ಆ ನೀಲಿಯನ್ನು ಯಾರು ಬಳಿಯುತ್ತಾರೆಂದು ಕೇಳಿದ. ಅಲ್ಲಿ ನೀಲಿ ಬಣ್ಣದ ಪದಾರ್ಥವೇ ಇಲ್ಲ, ಗರಿಯೊಳಗಿನ ಅತಿ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವುದರಿಂದ ಹಾಗೆ ಕಾಣುತ್ತದೆ, ಅರೆದು ಪುಡಿ ಮಾಡಿದರೆ ನೀಲಿ ಮಾಯವಾಗುತ್ತದೆ ಎಂದೆ. ಅವನು ಹಾಲಿನ ಪ್ಯಾಕೆಟ್ಟಿನ ಚೂರೊಂದನ್ನು ಕಲ್ಲಿನ ಮೇಲೆ ಉಜ್ಜಿ, ಬೆರಳಿಗೆ ಹತ್ತಿದ ಶಾಯಿಯನ್ನು ನನಗೆ ತೋರಿಸಿದ.

ಹಳೆಯ ಕೊಡೆಯ ಕಡ್ಡಿಯನ್ನು ತಂತಿಯೆಂದು ಭಾವಿಸಿ ಹಕ್ಕಿಯನ್ನು ಅದಕ್ಕೆ ಕಟ್ಟಿ ಬಾಲ್ಕನಿಯಲ್ಲಿ ತೂಗುಹಾಕಿದ್ದೇವೆ. ಎಡ ರೆಕ್ಕೆಯ ಮೂರನೆಯ ಗರಿಯಲ್ಲಿ ನಂದಿನಿಯ ‘ದಿ’ ಸ್ಪಷ್ಟವಾಗಿ ಕಾಣುತ್ತದೆ, ಅದನ್ನು ಒಳಗೆ ಮಡಿಸಲು ಮಕ್ಕಳು ಬಿಡಲಿಲ್ಲ. ಉಳಿದ ಮುದ್ದೆಯಿಂದ ಚಿಕ್ಕವಳು ಚೊಂಬಿನ ಮೇಲೆ ಮೆತ್ತಿದ ಬುಟ್ಟಿಯ ತಳ ದಪ್ಪವಾಗಿದ್ದು ಇನ್ನೂ ಹಸಿಯಿದೆ, ನಿನ್ನೆ ಕಾಗೆಯೊಂದು ಅದರ ಅಂಚನ್ನು ಕಿತ್ತು ಹೋಯಿತು. ಇಂದು ಹಿಟ್ಟಿನ ಜರಡಿ ಮುಚ್ಚಿ ಮತ್ತೆ ಬಿಸಿಲಿಗೆ ಇಟ್ಟಿದ್ದೇವೆ.